ಏಳುಕೋಟಿಯ ಬೆಟ್ಟದ ಕೆಳಗೆ ನಾಡಗೀತೆಯ ಮಾತು

(ನಮ್ಮ ಸಂಘದ ಸದಸ್ಯ ಕುಟುಂಬಗಳಿಗಾಗಿ ಜೇಜುರಿಯಲ್ಲಿ ನಡೆದ ಒಂದು ದಿನದ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ನಾವೆಲ್ಲ ಗಡಕೋಟೆಯ ಮೆಟ್ಟಿಲುಗಳನ್ನು ಏರುತ್ತಿದ್ದಾಗ ಇಕ್ಕೆಲದ ಅಂಗಡಿಗಳಿಂದ, ಮೇಲಿನ ದೀಪಮಾಲೆಗಳ ಕಡೆಯಿಂದ, ಹಳದಿ ಭಂಡಾರದ ಧೂಳಿನ ನಡುವಿನಿಂದ ಒಂದೇ ಕೂಗು ಕೇಳಿಬರುತ್ತಿತ್ತು: ಯಳಕೋಟ ಯಳಕೋಟ ಜಯ ಮಲ್ಹಾರ. ನಮ್ಮೊಡನೆ ಬಂದಿರುವ ಹೂವಿನಹಡಗಲಿ ಕಡೆಯ ತಾಯಿಯೊಬ್ಬರು ತಡಮಾಡದೆ ಅದಕ್ಕೆ ಓಗೊಟ್ಟರು. ಅವರ ಬಾಯಿಂದ ಬಂದದ್ದು ಮಾತ್ರ ಏಳುಕೋಟಿ ಏಳುಕೋಟಿ ಏಳುಕೋಟಿಗೋ ಎಂಬ ಮೈಲಾರದ ಕೂಗು. ಮೆಟ್ಟಿಲ ಮೇಲಿದ್ದ ಮರಾಠಿ ಭಕ್ತರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಅವರಿಗೆ ಅದು ತಮ್ಮದೇ ಕೂಗಾಗಿ ಕೇಳಿಸಿತು. ಈ ದೇವರ ಜಾಡನ್ನು ಹಿಡಿದು ಖಂಡೋಬ, ಮೈಲಾರ, ಮಲ್ಲಣ್ಣ ಎಂದು ಮೂರು ನುಡಿಗಳ ನಾಡುಗಳನ್ನು ಸುತ್ತಿದ ಜರ್ಮನ್ ವಿದ್ವಾಂಸ ಸೊಂಥೈಮರ್ ಅವರ ಬರಹಗಳನ್ನು ಓದಿದವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು. ಮರಾಠಿಯ ಯಳಕೋಟ ನಮ್ಮ ಏಳು ಕೋಟಿಯೇ, ಮೈಲಾರಲಿಂಗನ ಏಳು ಕೋಟಿ ಸೈನ್ಯವೇ, ಎಂದು ಬಲ್ಲವರು ಹೇಳುತ್ತಾರೆ. ಶತಮಾನಗಳಿಂದ ಈ ಬೆಟ್ಟದ ಮೇಲೆ ಲಕ್ಷಾಂತರ ಜನ ಕನ್ನಡದ ಒಂದು ಸಂಖ್ಯೆಯನ್ನು ಕೂಗುತ್ತಿದ್ದಾರೆ. ಅದನ್ನು ಕೂಗಬೇಕೆಂದು ಯಾವ ಸರಕಾರವೂ ಆದೇಶ ಹೊರಡಿಸಲಿಲ್ಲ. ಇಷ್ಟೇ ನಿಮಿಷ ಕೂಗಬೇಕು, ಹೀಗೆಯೇ ನಿಲ್ಲಬೇಕು ಎಂದು ಯಾರೂ ನಿಯಮ ಮಾಡಲಿಲ್ಲ.

ನನಗೆ ಸಮಿತಿಯವರು ಕೊಟ್ಟಿರುವ ವಿಷಯ ಇದಲ್ಲ. ಆದೇಶ ಇರುವ ಹಾಡು, ಅಂದರೆ ನಾಡಗೀತೆ. ಏಕೆ ಕೊಟ್ಟರೆಂಬುದು ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು, ಮಕ್ಕಳಿಗಾಗಿ ಹೇಳುತ್ತೇನೆ. ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಸಭೆಯಲ್ಲಿ ಎಂದಿನಂತೆ ನಾಡಗೀತೆಯ ಧ್ವನಿಮುದ್ರಣವನ್ನು ಹಾಕಲಾಯಿತು, ಎಲ್ಲರೂ ಎದ್ದು ನಿಂತೆವು. ಎರಡನೆಯ ಚರಣದ ಹೊತ್ತಿಗೆ ಧ್ವನಿವರ್ಧಕ ಕೈಕೊಟ್ಟಿತು. ಇನ್ನೂರಕ್ಕೆ ಕಡಿಮೆಯಿಲ್ಲದ ಕನ್ನಡಿಗರು ನಿಂತಿದ್ದ ಆ ಸಭಾಂಗಣದಲ್ಲಿ ಹಾಡನ್ನು ಮುಂದುವರಿಸಿದವರು ಮುಂದಿನ ಸಾಲಿನ ನಾಲ್ವರು ವೃದ್ಧೆಯರು. ಉಳಿದ ನಾವು ತುಟಿಯಾಡಿಸಿದೆವು. ನಾನೂ ತುಟಿಯಾಡಿಸಿದವರಲ್ಲಿ ಒಬ್ಬ. ನಾಲ್ಕು ದಶಕಗಳಿಂದ ಈ ಸಂಘದ ವೇದಿಕೆಯಲ್ಲಿ ಕನ್ನಡದ ಬಗ್ಗೆ ಮಾತನಾಡುತ್ತ ಬಂದವನು, ಮೂರನೆಯ ಚರಣದ ಕವಿಗಳ ಹೆಸರುಗಳ ಅನುಕ್ರಮ ತಿಳಿಯದೆ ಬಾಯಿಯನ್ನು ಸುಮ್ಮನೆ ತೆರೆದು ಮುಚ್ಚಿದೆ.

ಆ ಮೇಲಿನ ಸಮಿತಿಯ ಸಭೆಯಲ್ಲಿ ಇದೇ ಚರ್ಚೆಯಾಯಿತು, ಮತ್ತು ಚರ್ಚೆ ಹೊರಳಿ ಇನ್ನೊಂದು ಪ್ರಶ್ನೆಗೆ ಬಂತು. ಮಹಾರಾಷ್ಟ್ರ ಸರಕಾರ 2023ರಲ್ಲಿ ತನ್ನ ರಾಜ್ಯಗೀತೆಯನ್ನು ಘೋಷಿಸಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಅದನ್ನು ಹಾಡುತ್ತಾರೆ, ಬಾಯಿಪಾಠ ಬಲ್ಲರು. ಹಾಗಿರುವಾಗ ನಮ್ಮ ಸಂಘದ ಸಮಾರಂಭಗಳಲ್ಲಿ ಅದನ್ನೂ ಹಾಡಬೇಕೆ, ಬೇಡವೆ? ಇದರ ಬಗ್ಗೆ ಒಡಕು ಮೂಡಿತು. ಆದ್ದರಿಂದಲೇ ಇಂದಿನ ಈ ಉಪನ್ಯಾಸ.

ನಾಡಗೀತೆಯ ಮಾತು ಬಂದಾಗಲೆಲ್ಲ ನನ್ನ ಮನಸ್ಸಿಗೆ ಮೊದಲು ಬರುವುದು ಕರ್ನಾಟಕವಲ್ಲ, ಪೋಲೆಂಡ್. ನೀವು ನಗಬಹುದು. ಅದಕ್ಕೆ ಕಾರಣ ನನ್ನ ತಾಯಿ. ಆಕೆಯ ತವರು ಕೊಲ್ಹಾಪುರ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಹತ್ತು ಹನ್ನೆರಡರ ಹುಡುಗಿಯಾಗಿದ್ದ ಆಕೆ, ಸಂತೆಯಲ್ಲಿ ಬಿಳಿಯ ಹೆಂಗಸರು ಮುರುಕು ಮರಾಠಿಯಲ್ಲಿ ತರಕಾರಿಯ ಬೆಲೆಗೆ ಚೌಕಾಸಿ ಮಾಡುತ್ತಿದ್ದುದನ್ನು ಕಂಡಿದ್ದಳು. ಇವರು ಇಂಗ್ಲಿಷರಲ್ಲ, ಇಂಗ್ಲಿಷರು ಚೌಕಾಸಿ ಮಾಡುವುದಿಲ್ಲ ಎಂದು ಅಜ್ಜ ಹೇಳುತ್ತಿದ್ದರಂತೆ. ಒಂದೇ ಬಗೆಯ ಉಡುಪು ತೊಟ್ಟ ಹುಡುಗಿಯರು ಸಾಲಾಗಿ ನಡೆಯುತ್ತ ಹಾಡುತ್ತಿದ್ದುದನ್ನೂ ಆಕೆ ನೋಡಿದ್ದಳು. ಏನು ಹಾಡುತ್ತಿದ್ದರು ಎಂದರೆ, ಗೊತ್ತಿಲ್ಲ, ಆದರೆ ಕಾಲು ತಾನಾಗಿ ಕುಣಿಯುವಂಥ ಹಾಡು ಎನ್ನುತ್ತಿದ್ದಳು.

ಆ ಜನ ವಳಿವಡೆಯ ಶಿಬಿರದ ಪೋಲಿಷ್ ನಿರಾಶ್ರಿತರು. 1939ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಮತ್ತು ಸೋವಿಯತ್ ದೇಶಗಳು ಪೋಲೆಂಡನ್ನು ಎರಡು ದಿಕ್ಕಿನಿಂದ ಆಕ್ರಮಿಸಿ ಹಂಚಿಕೊಂಡ ಮೇಲೆ, ಪೂರ್ವ ಭಾಗದ ಲಕ್ಷಾಂತರ ಜನರನ್ನು ಸೈಬೀರಿಯಕ್ಕೂ ಕಜಾಕಸ್ತಾನಕ್ಕೂ ಸಾಗಿಸಲಾಯಿತು. 1941ರಲ್ಲಿ ಹಿಟ್ಲರನು ಸೋವಿಯತ್ ದೇಶದ ಮೇಲೆ ತಿರುಗಿಬಿದ್ದಾಗ ಅವರಲ್ಲಿ ಹಲವರಿಗೆ ಬಿಡುಗಡೆಯಾಯಿತು. ಬದುಕುಳಿದವರು ಇರಾನಿನ ದಾರಿಯಾಗಿ ಬಂದರು. ಒಂದಷ್ಟು ಮಕ್ಕಳಿಗೆ ಜಾಮನಗರದ ಮಹಾರಾಜ ದಿಗ್ವಿಜಯಸಿಂಹಜಿಯವರು ಬಾಲಾಚಡಿಯಲ್ಲಿ ಆಶ್ರಯ ಕೊಟ್ಟ ಕಥೆ ಪ್ರಸಿದ್ಧವಾಗಿದೆ. ನಮ್ಮ ಪಕ್ಕದ ಕಥೆ ಅಷ್ಟು ಪ್ರಸಿದ್ಧವಲ್ಲ. 1943ರಿಂದ 1948ರವರೆಗೆ ಕೊಲ್ಹಾಪುರದ ಹತ್ತಿರ ಪಂಚಗಂಗೆಯ ಸಮೀಪದ ವಳಿವಡೆಯಲ್ಲಿ ಸುಮಾರು 5000 ಪೋಲಿಷರು, ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, ಒಂದು ಪುಟ್ಟ ಪೋಲೆಂಡನ್ನೇ ಕಟ್ಟಿಕೊಂಡು ಬಾಳಿದರು. ಅಲ್ಲಿ ಶಾಲೆಗಳಿದ್ದವು, ಇಗರ್ಜಿಯಿತ್ತು, ನಾಟಕಗಳಾಗುತ್ತಿದ್ದವು, ಸ್ಕೌಟು ದಳಗಳಿದ್ದವು. ಇಷ್ಟೆಲ್ಲ ಇದ್ದ ಕಡೆ ಅವರ ರಾಷ್ಟ್ರಗೀತೆ ಇರದೆ ಹೋಗುವುದು ಸಾಧ್ಯವಿಲ್ಲ. ಅಮ್ಮ ಕೇಳಿದ್ದು ಅದೇ ಹಾಡೋ ಬೇರೆಯದೋ, ನಾನು ಹಟ ಹಿಡಿಯಲಾರೆ. ಆದರೆ ಕಾಲು ಕುಣಿಯುವ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಏಕೆಂದರೆ ಜಗತ್ತಿನ ಬಹುಪಾಲು ರಾಷ್ಟ್ರಗೀತೆಗಳು ಪ್ರಾರ್ಥನೆಯ ಇಲ್ಲವೆ ಸೈನ್ಯದ ನಡಿಗೆಯ ಧಾಟಿಯಲ್ಲಿದ್ದರೆ, ಪೋಲಿಷರದು ಮಜೂರ್ಕಾ ಎಂಬ ಹಳ್ಳಿಯ ಕುಣಿತದ ಧಾಟಿಯಲ್ಲಿದೆ. ಅದರ ಮಟ್ಟನ್ನು ಹಾಕಿದವರು ಯಾರೆಂದು ತಿಳಿಯದು. ಅದು ಜನಪದರ ಸೊತ್ತು.

ಆ ಹಾಡು ಹುಟ್ಟಿದ ಬಗೆ ನಮ್ಮಂಥ ಹೊರನಾಡಿಗರು ಕಿವಿಗೊಟ್ಟು ಕೇಳಬೇಕಾದದ್ದು. ಹದಿನೆಂಟನೆಯ ಶತಮಾನದ ಕೊನೆಗೆ ರಷ್ಯ, ಪ್ರಷ್ಯ, ಆಸ್ಟ್ರಿಯಗಳು 1772, 1793 ಮತ್ತು 1795ರಲ್ಲಿ, ಮೂರು ಕಂತುಗಳಲ್ಲಿ, ಪೋಲೆಂಡನ್ನು ಹಂಚಿಕೊಂಡು ಮುಗಿಸಿದವು. ಭೂಪಟದಲ್ಲಿ ಆ ಹೆಸರೇ ಉಳಿಯಲಿಲ್ಲ. ದೇಶ ಕಳೆದುಕೊಂಡ ಸೈನಿಕರು ಇಟಲಿಗೆ ಹೋಗಿ ನೆಪೋಲಿಯನ್ನನ ಆಸರೆಯಲ್ಲಿ ಯಾನ್ ಹೆನ್ರಿಕ್ ದೊಂಬ್ರೊವ್ಸ್ಕಿ ಎಂಬ ದಳಪತಿಯ ಕೆಳಗೆ ಒಂದು ಪಡೆಯಾದರು. 1797ರ ಜುಲೈ ತಿಂಗಳಲ್ಲಿ ರೆಜ್ಜೊ ಎಂಬ ಇಟಲಿಯ ಊರಿನಲ್ಲಿ ಯೂಜೆಫ್ ವಿಬಿಟ್ಸ್ಕಿ ಆ ಪಡೆಗಾಗಿ ಒಂದು ಹಾಡು ಕಟ್ಟಿದ. ನಾವು ಬದುಕಿರುವ ತನಕ ದೇಶ ಸತ್ತಿಲ್ಲ ಎಂಬುದು ಅದರ ಸಾರ. ನಾಡೇ ಇಲ್ಲದಾಗ ಹೊರನಾಡಿನಲ್ಲಿ ಹುಟ್ಟಿದ ನಾಡಗೀತೆ ಅದು! ಅದರ ಪಲ್ಲವಿಯಲ್ಲಿ ಇಟಲಿಯ ಹೆಸರು ಇದೆ. ಇನ್ನೂ ಸೋಜಿಗವೆಂದರೆ ಐವತ್ತು ವರ್ಷಗಳ ತರುವಾಯ 1847ರಲ್ಲಿ ಗೊಫ್ರೆದೊ ಮಮೇಲಿ ಎಂಬ ಯುವಕ ಬರೆದ, ಇಂದು ಇಟಲಿಯ ರಾಷ್ಟ್ರಗೀತೆಯಾಗಿರುವ ಹಾಡಿನ ಕೊನೆಯ ಚರಣದಲ್ಲಿ ಪೋಲೆಂಡಿನ ರಕ್ತದ ಪ್ರಸ್ತಾಪ ಬರುತ್ತದೆ. ಎರಡು ದೇಶಗಳು ತಂತಮ್ಮ ಹಾಡಿನಲ್ಲಿ ಪರಸ್ಪರರ ಹೆಸರನ್ನು ಉಳಿಸಿಕೊಂಡಿವೆ. ಒಬ್ಬರ ಮನೆಯ ಜಗುಲಿಯಲ್ಲಿ ಇನ್ನೊಬ್ಬರು ಮಲಗೆದ್ದ ನೆನಪು ಅದು.

ಇದನ್ನು ಹೇಳುವಾಗ ಇದರ ಕಪ್ಪು ಮುಖವನ್ನು ಮರೆಮಾಚುವುದು ಸರಿಯಲ್ಲ. ಸ್ವಾತಂತ್ರ್ಯದ ಹಾಡು ಹಾಡುತ್ತಿದ್ದ ಇದೇ ಪೋಲಿಷ್ ಪಡೆಗಳ ಸಾವಿರಾರು ಸೈನಿಕರನ್ನು ನೆಪೋಲಿಯನ್ 1802ರಲ್ಲಿ ಮತ್ತು ಅದರ ಮರುವರ್ಷ ಹಡಗು ಹತ್ತಿಸಿ, ಇಂದಿನ ಹೈಟಿಯಲ್ಲಿ ಬಿಡುಗಡೆಗಾಗಿ ದಂಗೆಯೆದ್ದಿದ್ದ ಕರಿಯ ಗುಲಾಮರನ್ನು ಅಡಗಿಸಲು ಕಳಿಸಿದ. ಹೋದವರಲ್ಲಿ ಬಹುಪಾಲು ಜನ ಕಾಯಿಲೆಯಿಂದಲೂ ಕಾಳಗದಿಂದಲೂ ಅಲ್ಲಿಯೇ ಸತ್ತರು. ಕೆಲವರು ಪಕ್ಷ ಬದಲಿಸಿ ದಂಗೆಯವರ ಕಡೆ ಸೇರಿದರು. ನೆಪೋಲಿಯನ್ನನ ಹೆಸರು ಮಾತ್ರ ಆ ಗೀತೆಯಲ್ಲಿ ಇಂದಿಗೂ ಉಳಿದಿದೆ. ತನ್ನ ನಾಡಿನ ಹಾಡು ಬಾಯಲ್ಲಿರುವುದು, ಇನ್ನೊಬ್ಬರ ನಾಡಿನ ಹಾಡನ್ನು ತುಳಿಯದಂತೆ ಯಾರನ್ನೂ ತಡೆಯುವುದಿಲ್ಲ. ಗಡಿಯ ಇತ್ತಟ್ಟಿನಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೋಲೆಂಡ್ 1918ರಲ್ಲಿ ಮತ್ತೆ ಸ್ವತಂತ್ರವಾಯಿತು. ಆಗಲಾದರೂ ಈ ಹಾಡು ತಟಕ್ಕನೆ ರಾಷ್ಟ್ರಗೀತೆಯಾಯಿತೆ? ಇಲ್ಲ. ಪೈಪೋಟಿಗೆ ಬೇರೆ ಹಾಡುಗಳಿದ್ದವು. ದೇವರನ್ನು ಕುರಿತ ಒಂದು ಗಂಭೀರ ಹಾಡಿಗೆ ಬಹಳ ಬೆಂಬಲವಿತ್ತು. ಅದು 1816ರಲ್ಲಿ, ಪೋಲೆಂಡಿನ ದೊರೆಯೆಂದು ಕುಳಿತಿದ್ದ ರಷ್ಯದ ಚಕ್ರವರ್ತಿಯ ಶ್ರೇಯಸ್ಸಿಗಾಗಿ ಬರೆದ ಪ್ರಾರ್ಥನೆ. ಆಮೇಲೆ ಜನ ಅದರ ಮಾತುಗಳನ್ನು ತಿದ್ದಿ ಸ್ವಾತಂತ್ರ್ಯದ ಪ್ರಾರ್ಥನೆಯಾಗಿಸಿಕೊಂಡಿದ್ದರು. ಒಂಬತ್ತು ವರ್ಷಗಳ ಎಳೆದಾಟದ ತರುವಾಯ 1927ರಲ್ಲಿ ಸರಕಾರ ಕುಣಿತದ ಹಾಡನ್ನೇ ಆರಿಸಿತು. ದೊರೆಗಾಗಿ ಬರೆದದ್ದಕ್ಕಿಂತ ದೇಶಭ್ರಷ್ಟರಿಗಾಗಿ ಬರೆದದ್ದು ಗೆದ್ದಿತು.

ವಳಿವಡೆಯ ಜನರ ಪಾಡು ಏನಾಯಿತು ಎಂದರೆ, ಯುದ್ಧ ಮುಗಿದ ಮೇಲೆ ಗಡಿಗಳು ಪಶ್ಚಿಮಕ್ಕೆ ಸರಿದವು. ಅವರಲ್ಲಿ ಬಹುಮಂದಿಯ ಮನೆಗಳಿದ್ದ ಪ್ರದೇಶ ಸೋವಿಯತ್ ದೇಶಕ್ಕೆ ಸೇರಿತು. ಈಗ ಆ ಊರುಗಳು ಉಕ್ರೇನ್, ಬೆಲಾರೂಸ್, ಲಿಥುವೇನಿಯಗಳಲ್ಲಿವೆ. ಹೀಗಾಗಿ ಹಲವರು ಊರಿಗೆ ಮರಳದೆ ಬ್ರಿಟನ್ನು, ಆಸ್ಟ್ರೇಲಿಯ, ಕೆನಡಾ ಎಂದು ಚದುರಿದರು. 2019ರಲ್ಲಿ ಅವರಲ್ಲಿ ಬದುಕಿದ್ದ ಕೆಲವರು, ಮುಪ್ಪಿನಲ್ಲಿ, ವಳಿವಡೆಯನ್ನು ನೋಡಲು ಬಂದಿದ್ದರು. ಅವರು ತೆರವು ಮಾಡಿದ ಶಿಬಿರಕ್ಕೆ ಬಂದವರು ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡ ಸಿಂಧಿಗಳು; ಇಂದಿನ ಗಾಂಧಿನಗರ ಅವರು ಕಟ್ಟಿದ ಪೇಟೆ. ನಮ್ಮ ರಾಷ್ಟ್ರಗೀತೆಯಲ್ಲಿ ಸಿಂಧಿನ ಹೆಸರು ಇದೆ, ಸಿಂಧು ಪ್ರಾಂತ ನಮ್ಮ ದೇಶದಲ್ಲಿಲ್ಲ. ಆ ಪದವನ್ನು ತೆಗೆದುಹಾಕಬೇಕೆಂದು ಒಬ್ಬರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 2005ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನನ್ನ ದೃಷ್ಟಿಯಲ್ಲಿ ಅದು ಒಳ್ಳೆಯ ತೀರ್ಪು. ಹಾಡನ್ನು ತಹಸೀಲ್ದಾರರ ನಕ್ಷೆಯ ಮೇಲಿಟ್ಟು ಅಳೆಯತೊಡಗಿದರೆ ಯಾವ ಹಾಡೂ ಉಳಿಯಲಾರದು. ಪಂಜಾಬು, ಗುಜರಾತು, ಮರಾಠ, ಉತ್ಕಲ, ವಂಗಗಳ ಹೆಸರು ಹೇಳುವ ಆ ಗೀತೆ ನಮ್ಮನ್ನು ದ್ರಾವಿಡ ಎಂಬ ಒಂದೇ ಮಾತಿನಲ್ಲಿ ಮೂರು ಅಕ್ಕತಂಗಿಯರೊಡನೆ ಕೂರಿಸಿದೆಯಲ್ಲ ಎಂದು ನಮ್ಮವರು ಕೆಲವರು ಗೊಣಗುವುದುಂಟು. ಇರಲಿ.

ಈಗ ನಮ್ಮ ಮನೆಗೆ ಬರೋಣ. ನಾಡಗೀತೆ ಎಂಬ ಪರಿಕಲ್ಪನೆ ಕನ್ನಡಕ್ಕೆ ಬಂದದ್ದೂ ದೊರೆಯ ಪ್ರಾರ್ಥನೆಯಾಗಿಯೇ. ಮೈಸೂರಿನ ಆಸ್ಥಾನಕವಿ ಬಸಪ್ಪ ಶಾಸ್ತ್ರಿಗಳು ಚಾಮರಾಜೇಂದ್ರ ಒಡೆಯರ ಕಾಲದಲ್ಲಿ 'ಕಾಯೌ ಶ್ರೀಗೌರಿ'ಯನ್ನು ರಚಿಸಿದರು. ಇಂಗ್ಲೆಂಡಿನವರು ತಮ್ಮ ರಾಜನನ್ನು ದೇವರು ಕಾಯಲಿ ಎಂದು ಹಾಡುವ ಹಾಗೆ, ಇಲ್ಲಿ ಗೌರಿ ಮೈಸೂರಿನ ದೊರೆಯನ್ನು ಕಾಯಬೇಕಿತ್ತು. ಸೊಗಸಾದ ರಚನೆ. ಆದರೆ ಧಾರವಾಡದವನು, ಕಲಬುರಗಿಯವನು, ಮಂಗಳೂರಿನವನು, ಮಡಿಕೇರಿಯವನು ಅದನ್ನು ತನ್ನದೆಂದು ಹೇಗೆ ಹಾಡಿಯಾನು? ಅವನ ದೊರೆ ಬೇರೆ. ಕೆಲವರಿಗೆ ಮುಂಬಯಿಯ ಗವರ್ನರು, ಕೆಲವರಿಗೆ ಹೈದರಾಬಾದಿನ ನಿಜಾಮ, ಕೆಲವರಿಗೆ ಮದರಾಸಿನ ಸರಕಾರ, ಜಮಖಂಡಿ, ಮುಧೋಳ, ಸಾಂಗ್ಲಿ, ರಾಮದುರ್ಗಗಳವರಿಗೆ ತಂತಮ್ಮ ಪುಟ್ಟ ಅರಸರು. ಪೋಲೆಂಡನ್ನು ಮೂವರು ಹಂಚಿಕೊಂಡಿದ್ದರು, ನಮ್ಮನ್ನು ಹಂಚಿಕೊಂಡವರನ್ನು ಎಣಿಸಲು ಎರಡು ಕೈಗಳ ಬೆರಳುಗಳು ಸಾಲವು.

ಈ ಚದುರಿದ ಕನ್ನಡಕ್ಕೆ ತನ್ನದೊಂದು ಹಾಡು ಸಿಕ್ಕಿದ್ದು 1924ರ ಡಿಸೆಂಬರ್‌ನಲ್ಲಿ, ಬೆಳಗಾವಿಯಲ್ಲಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಅಧಿವೇಶನದ ಬಿಡಾರಕ್ಕೆ ವಿಜಯನಗರ ಎಂದು ಹೆಸರಿಟ್ಟಿದ್ದರು. ಅದೇ ಹೊತ್ತಿಗೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಮೊದಲ ಪರಿಷತ್ತೂ ಅಲ್ಲಿ ನಡೆಯಿತು. ಗದಗಿನ ವಕೀಲರೂ ನಾಟಕಕಾರರೂ ಆಗಿದ್ದ ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ' ಹಾಡನ್ನು ಆ ಅಧಿವೇಶನದಲ್ಲಿ ಹಾಡಲಾಯಿತು. ಗಾಂಧೀಜಿಯವರ ಮುಂದೆ ಅಂದು ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ, ಮುಂದೆ ಗಂಗೂಬಾಯಿ ಹಾನಗಲ್ ಎಂದು ಜಗತ್ತು ಅರಿತ ಬಾಲಕಿಯೂ ಇದ್ದಳು. ಹುಯಿಲಗೋಳರ ಹಾಡಿನ ಕ್ರಿಯಾಪದವನ್ನು ಗಮನಿಸಿ. ಅದು ವಿಧ್ಯರ್ಥಕ. ನಾಡು ಇದೆ ಎಂದು ಅದು ಹೇಳುವುದಿಲ್ಲ, ಆಗಲಿ ಎನ್ನುತ್ತದೆ. ವಿಬಿಟ್ಸ್ಕಿಯ ಹಾಡಿನಂತೆ ಇದೂ ಇಲ್ಲದ ನಾಡಿಗೆ ಬರೆದದ್ದು. ಮೂವತ್ತೆರಡು ವರ್ಷ ಆ ವಿಧ್ಯರ್ಥಕವನ್ನೇ ಹಾಡಿ ಹಾಡಿ ಜನ 1956ರ ನವೆಂಬರ್ 1ನ್ನು ಮುಟ್ಟಿದರು.

ಏಕೀಕರಣದ ಕನಸಿಗೆ ಪುಣೆಯೂ ಒಂದು ತೊಟ್ಟಿಲು ಎಂಬುದನ್ನು ನಮ್ಮ ಮರಾಠಿ ಮಿತ್ರರಿಗೆ ನಾನು ಆಗಾಗ ನೆನಪಿಸುತ್ತೇನೆ. ಆಲೂರು ವೆಂಕಟರಾಯರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. 'ಕರ್ನಾಟಕ ಗತವೈಭವ' ಬರೆದ ಅವರೇ ತಿಲಕರ 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದವರು. ಮರಾಠಿಗರ ಅಭಿಮಾನವನ್ನು ಹತ್ತಿರದಿಂದ ಕಂಡು, ನಮಗೇಕೆ ಇಂಥದು ಇಲ್ಲ ಎಂದು ಮರುಗಿದ ತಲೆಮಾರು ಅದು. ಮರಾಠಿ ಮನೆಮಾತಿನ ಬೇಂದ್ರೆಯವರು ಕನ್ನಡದ ವರಕವಿಯಾದರು. ಮಹಾರಾಷ್ಟ್ರದ ಮೂಲವನ್ನು ಕುರಿತು ಶಂ.ಬಾ. ಜೋಶಿಯವರು ಮರಾಠಿಯಲ್ಲೇ ಬರೆದು ವಾದಿಸಿದರು. ಆ ಹಿರಿಯರು ಜಗಳವಾಡಲಿಲ್ಲವೆಂದಲ್ಲ, ಎರಡೂ ಭಾಷೆ ಬಲ್ಲವರಾಗಿ ಜಗಳವಾಡಿದರು.

1956ರಿಂದ 2004ರವರೆಗೆ, ನಲವತ್ತೆಂಟು ವರ್ಷ, ಕನ್ನಡಿಗರ ರಾಜ್ಯಕ್ಕೆ ಅಧಿಕೃತ ಹಾಡೊಂದು ಇರಲಿಲ್ಲ. ಆಗಲಿ ಎಂದದ್ದು ಆಯಿತಲ್ಲ ಎಂಬ ಸಮಾಧಾನವೋ, ಅಥವಾ ಒಂದಾದವರು ಒಂದು ಹಾಡಿಗೆ ಒಪ್ಪುವುದು ಕಷ್ಟವೋ! 2004ರ ಜನವರಿ 6ರಂದು ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ'ಯನ್ನು ಸರಕಾರ ನಾಡಗೀತೆಯೆಂದು ಘೋಷಿಸಿತು. ಘೋಷಣೆಯಾದದ್ದೇ ತಡ, ಯಾವ ಆಚಾರ್ಯರ ಹೆಸರು ಇದೆ, ಯಾವ ಆಚಾರ್ಯರದು ಇಲ್ಲ ಎಂಬ ವಿವಾದ ಎದ್ದಿತು. ಅದು ತಣ್ಣಗಾಗುವಷ್ಟರಲ್ಲಿ ಧಾಟಿಯ ವಿವಾದ. ಮೈಸೂರು ಅನಂತಸ್ವಾಮಿಯವರ ಮಟ್ಟೋ, ಸಿ. ಅಶ್ವಥ್ ಅವರ ಮಟ್ಟೋ? ಸಮಿತಿಯ ಮೇಲೆ ಸಮಿತಿ ಕುಳಿತವು. 2022ರ ಸೆಪ್ಟೆಂಬರ್‌ನಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ ಪುನರಾವರ್ತನೆಗಳಿಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕು ಎಂಬ ಆದೇಶವಾಯಿತು. ಅದರ ವಿರುದ್ಧವೂ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹೋಯಿತು, ಅಲ್ಲಿ ಅದು ನಿಲ್ಲಲಿಲ್ಲ. ಪೋಲಿಷರಿಗೆ ಒಂಬತ್ತು ವರ್ಷ ಸಾಕಾಯಿತು, ನಮಗೆ ಧಾಟಿ ಒಂದಕ್ಕೇ ಹದಿನೆಂಟು ವರ್ಷ ಬೇಕಾಯಿತು. ಈ ವಿವಾದಗಳ ಕಾಲದಲ್ಲಿ ಪುಣೆಯಲ್ಲಿ ಕುಳಿತ ನಾವು ಪತ್ರಿಕೆಗಳಿಗೆ ಪತ್ರ ಬರೆದೆವು, ಎರಡು ಪಂಗಡಗಳಾದೆವು. ನಾನು ಅಶ್ವಥ್ ಪಂಗಡದವನು. ಆ ಉತ್ಸಾಹದಲ್ಲಿ ಮೂರನೆಯ ಚರಣವನ್ನು ಕಲಿಯಲು ಮಾತ್ರ ಮರೆತೆ!

2004ರಲ್ಲಿಯೇ ಇನ್ನೊಂದು ಘಟನೆಯಾಯಿತು: ಗಡಿಯ ತಕರಾರನ್ನು ಹಿಡಿದು ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿ ಅತ್ತ ಬೆಳಗಾವಿಯವರಿಗೂ ಇತ್ತ ಕಾಸರಗೋಡಿನವರಿಗೂ ಕಾಗದವಾಗಿಯೇ ಉಳಿದಿತ್ತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಶಿಫಾರಸು ಅದರಲ್ಲಿತ್ತು. ನಾಡು ಒಂದಾದ ದಿನವೇ ನಾಡಿನಿಂದ ಹೊರಗುಳಿದ ಆ ಭಾಗದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 1915ರಿಂದ 2015ರವರೆಗೆ, ತುಂಬು ನೂರು ವರ್ಷ ಬಾಳಿ, ತಮ್ಮ ಊರು ಕರ್ನಾಟಕಕ್ಕೆ ಸೇರಿದ್ದನ್ನು ನೋಡದೆಯೇ ಹೋದರು. ಒಳನಾಡಿನವರಿಗೆ ಹುಯಿಲಗೋಳರ ಹಾಡು ಹಳೆಯದಾಗಿರಬಹುದು. ಕಾಸರಗೋಡಿನವರಿಗೆ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಹಳ್ಳಿಯವರಿಗೆ ಅದರ ವಿಧ್ಯರ್ಥಕ ಇನ್ನೂ ಹಳೆಯದಾಗಿಲ್ಲ. ಅದರ ಅರ್ಥ ಗಡಿಯ ಕಲ್ಲನ್ನು ಕೀಳುವುದೆಂದೇ ಆಗಬೇಕಿಲ್ಲ. ಉದಯವಾಗಬೇಕಾದದ್ದು ಒಂದು ಶಾಲೆಯ ಕೊಠಡಿಯಾಗಿರಬಹುದು, ಒಬ್ಬ ಕನ್ನಡ ಶಿಕ್ಷಕನಾಗಿರಬಹುದು.

ಮಹಾರಾಷ್ಟ್ರ ತನ್ನ ಹಾಡನ್ನು ಗುರುತಿಸಿಕೊಂಡದ್ದು ಇನ್ನೂ ತಡವಾಗಿ. ರಾಜಾ ಬಢೆಯವರು ಬರೆದ, ಶ್ರೀನಿವಾಸ ಖಳೆಯವರು ಸ್ವರ ಹಾಕಿದ, ಶಾಹೀರ ಸಾಬಳೆಯವರ ಕಂಚಿನ ಕಂಠದಿಂದ ಮನೆಮನೆಗೂ ತಲಪಿದ 'ಜಯ ಜಯ ಮಹಾರಾಷ್ಟ್ರ ಮಾಝಾ' 2023ರ ಫೆಬ್ರವರಿ 19ರಂದು, ಶಿವಜಯಂತಿಯ ದಿನ, ರಾಜ್ಯಗೀತೆಯಾಯಿತು. ಶಾಲೆಗಳಲ್ಲಿ ಅದನ್ನು ಹಾಡಬೇಕೆಂದು ಆದೇಶವಾದ್ದರಿಂದ ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಯ ಮಕ್ಕಳಿಗೂ ಅದು ಈಗ ಮುಂಜಾನೆಯ ಹಾಡು.

ಸಮಿತಿಯ ಸಭೆಯಲ್ಲಿ ಈ ಹಾಡನ್ನು ವಿರೋಧಿಸಿ ಮಾತನಾಡಿದವರು ಬೆಳಗಾವಿಯಿಂದ ಬಂದ ನಮ್ಮ ಹಿರಿಯ ಸದಸ್ಯರು. ಅವರು ಇಲ್ಲಿಯೇ ಕುಳಿತಿದ್ದಾರೆ, ನಾನು ತಪ್ಪಾಗಿ ವರದಿ ಮಾಡಿದರೆ ತಡೆಯಲಿ. ಅವರ ಮಾತು ಇಷ್ಟು: ನಮ್ಮೂರಿನಲ್ಲಿ ನವೆಂಬರ್ 1ರಂದು ನಾವು ಧ್ವಜ ಹಿಡಿದು ಹೊರಟರೆ ಇನ್ನೊಂದು ಗುಂಪು ಕರಾಳ ದಿನವೆಂದು ಕಪ್ಪು ಬಟ್ಟೆ ಕಟ್ಟಿಕೊಂಡು ಹೊರಡುತ್ತಿತ್ತು; ಆ ಗುಂಪಿನ ಬಾಯಲ್ಲಿ ಈ ಹಾಡನ್ನು ನಾನು ಕೇಳಿದ್ದೇನೆ, ಅದು ನನಗೆ ಹಾಡಾಗಿ ಕೇಳಿಸುವುದಿಲ್ಲ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಪೂರ್ತಿ ಇಲ್ಲ. ಒಂದು ಹಾಡು ಯಾರ ಬಾಯಿಂದ ಯಾವಾಗ ಕೇಳಿಸಿತು ಎಂಬುದು ಅದರ ಅರ್ಥದ ಭಾಗವೇ. ಬೆಳಗಾವಿಯ ಮರಾಠಿ ಮನೆಯೊಂದರಲ್ಲಿ ನಮ್ಮ ನಾಡಗೀತೆಯ ಬಗ್ಗೆ ಇದೇ ಮಾತನ್ನಾಡುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ ಎಂದಷ್ಟೇ ನಾನು ಅಂದೆ.

ಆದರೆ ಅವರಿಗೆ ಉಪದೇಶ ಮಾಡುವ ಅಧಿಕಾರ ನನಗಿಲ್ಲ, ಏಕೆಂದರೆ ಹೇಳಿಕೊಳ್ಳಬೇಕಾದ ತಪ್ಪೊಂದು ನನ್ನದೂ ಇದೆ. 2022ರ ಡಿಸೆಂಬರ್ ನಿಮಗೆ ನೆನಪಿರಬೇಕು. ಬೆಳಗಾವಿಯ ಬಳಿ ಮಹಾರಾಷ್ಟ್ರದ ವಾಹನಗಳ ಮೇಲೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ನಮ್ಮ ಸಂಘದ ಸಮಾರಂಭವೊಂದು ಅದೇ ವಾರ ಇತ್ತು. ಹೊರಗಿನ ಕನ್ನಡ ಫಲಕಕ್ಕೆ ಬಟ್ಟೆ ಮುಚ್ಚೋಣ, ಬಾಗಿಲು ಹಾಕೋಣ, ನಾಡಗೀತೆಯನ್ನು ಧ್ವನಿವರ್ಧಕವಿಲ್ಲದೆ ಮೆಲ್ಲಗೆ ಹಾಡೋಣ ಎಂದು ಸೂಚಿಸಿದವನು ನಾನು. ಯಾರೂ ನಮ್ಮನ್ನು ಬೆದರಿಸಿರಲಿಲ್ಲ. ಎದುರು ಮನೆಯ ಮರಾಠಿ ಗೃಹಸ್ಥರು ಮರುದಿನ ಸಿಕ್ಕಾಗ, ನಿನ್ನೆ ಯಾಕೆ ಹಾಡು ಕೇಳಿಸಲಿಲ್ಲ, ಕಾರ್ಯಕ್ರಮ ರದ್ದಾಯಿತೆ ಎಂದು ವಿಚಾರಿಸಿದರು. ಧ್ವನಿವರ್ಧಕ ಕೆಟ್ಟಿತ್ತು ಎಂದು ಸುಳ್ಳು ಹೇಳಿದೆ. ಆ ಸುಳ್ಳು ಮುಂದೊಂದು ರಾಜ್ಯೋತ್ಸವದ ಸಂಜೆ ನಿಜವಾಗಿಯೇ ಬಂದು ನನ್ನೆದುರು ನಿಂತಿತು.

ಎರಡು ಹಾಡುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಕುವೆಂಪು ಅವರ ಗೀತೆಯಲ್ಲಿ ಶರಾವತಿ, ತುಂಗೆ, ಕಾವೇರಿಯರ ಜೊತೆ ಕೃಷ್ಣೆ ಬರುತ್ತಾಳೆ. ಬಢೆಯವರ ಗೀತೆಯಲ್ಲಿ ರೇವಾ, ವರದಾ, ಕೊಯ್ನಾ, ಗೋದಾವರಿಯರ ಜೊತೆ ಅದೇ ಕೃಷ್ಣೆ ಬರುತ್ತಾಳೆ. ಪೋಲೆಂಡ್ ಮತ್ತು ಇಟಲಿಗಳು ಪರಸ್ಪರರ ಹೆಸರು ಹಿಡಿದು ಹಾಡುವಂತೆ ನಾವು ಹಾಡಲಿಲ್ಲ ನಿಜ. ನದಿಯ ಹೆಸರು ಹಿಡಿದು, ಗೊತ್ತಿಲ್ಲದೆಯೇ, ಅಷ್ಟನ್ನು ಮಾಡಿದ್ದೇವೆ. ಬಢೆಯವರ ಗೀತೆ ಭೀಮಥಡಿಯ, ಎಂದರೆ ಭೀಮೆಯ ದಡದ, ಕುದುರೆಗಳನ್ನೂ ನೆನೆಯುತ್ತದೆ. ಈ ಬೆಟ್ಟದ ಹತ್ತಿರ ಹರಿಯುವ ಕರ್‍ಹಾ ನದಿಯನ್ನು ಬರುವಾಗ ನೋಡಿದಿರಿ. ಸೋಮವತಿ ಅಮಾವಾಸ್ಯೆಯ ದಿನ ಖಂಡೋಬನ ಪಲ್ಲಕ್ಕಿ ಸ್ನಾನಕ್ಕೆ ಹೋಗುವುದು ಆ ಹೊಳೆಗೆ. ನಾಝರೆಯ ಅಣೆಕಟ್ಟು ಬಿಟ್ಟಷ್ಟು ನೀರು ಬಾರಾಮತಿಯ ಸೀಮೆಯನ್ನು ಹಾದು ನೀರಾ ನದಿಗೆ ಸೇರುತ್ತದೆ, ನೀರಾ ನರಸಿಂಹಪುರದಲ್ಲಿ ಭೀಮೆಗೆ, ಭೀಮೆ ಪಂಢರಪುರವನ್ನು ದಾಟಿ ಕಲಬುರಗಿಯ ಸೀಮೆಯಲ್ಲಿ ಹರಿದು ರಾಯಚೂರಿನ ಬಳಿ ಕೃಷ್ಣೆಗೆ. ವಳಿವಡೆಯ ಪಂಚಗಂಗೆಯೂ ನರಸೋಬನ ವಾಡಿಯಲ್ಲಿ ಅದೇ ಕೃಷ್ಣೆಯನ್ನು ಕೂಡುತ್ತಾಳೆ. ನದಿಯ ನೀರಿಗಾಗಿಯೂ ನಾವು ಎರಡು ರಾಜ್ಯದವರು ನ್ಯಾಯಾಧಿಕರಣಗಳ ಮುಂದೆ ಹೊಡೆದಾಡಿದವರೇ ಎಂಬುದು ನನಗೆ ಗೊತ್ತು. ಜಗಳಕ್ಕೆ ಒಂದೇ ಹೊಳೆ ಸಾಕಾಗುವಾಗ ಹಾಡಿಗೂ ಅದೇ ಹೊಳೆ ಯಾಕೆ ಸಾಕಾಗಬಾರದು?

ಆದ್ದರಿಂದ ನನ್ನ ಸೂಚನೆಯನ್ನು ಸಭೆಯ ಮುಂದಿಡುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಮುಂದಿನ ರಾಜ್ಯೋತ್ಸವದಲ್ಲಿ ಧ್ವನಿಮುದ್ರಣ ಬೇಡ. ನಾಡಗೀತೆಯನ್ನು ನಾವೇ ಹಾಡಬೇಕು, ಬಾಗಿಲು ತೆರೆದಿಟ್ಟು. ಅದಕ್ಕೆ ಮೊದಲು ಹುಯಿಲಗೋಳರ ಹಾಡು ಇರಲಿ, ಹೊರನಾಡಿಗರಿಗೆ ಅದರ ಮೇಲೆ ಹೆಚ್ಚಿನ ಹಕ್ಕಿದೆ. ಮಹಾರಾಷ್ಟ್ರದ ಗೀತೆಯನ್ನು ಮೇ 1ರಂದು, ಮಹಾರಾಷ್ಟ್ರ ದಿನದಂದು, ನಮ್ಮ ಅಂಗಳದಲ್ಲಿ ಮಕ್ಕಳು ಹಾಡಲಿ. ನಮ್ಮ ಬೆಳಗಾವಿಯ ಹಿರಿಯರು ಆ ದಿನ ಬಾರದಿದ್ದರೆ ಯಾರೂ ಅವರನ್ನು ಕೇಳಕೂಡದು. ಬಂದು ಸುಮ್ಮನೆ ನಿಂತರೂ ಸಾಕು. ನಿನ್ನೆ ಬಸ್ಸಿನಲ್ಲಿ ಅವರು ನನಗೆ ಹೇಳಿದ ಒಂದು ಮಾತನ್ನು ಮಾತ್ರ ನಾನು ಒಪ್ಪಿದ್ದೇನೆ: ನಮ್ಮ ಹಾಡನ್ನು ನೆಟ್ಟಗೆ ಕಲಿಯದವನು ಇನ್ನೊಬ್ಬರ ಹಾಡನ್ನು ಹಾಡಿದರೆ ಅದು ಔದಾರ್ಯವಲ್ಲ, ಸೋಮಾರಿತನ.

ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆಯೆಂದು ಅಡುಗೆಯವರು ಸನ್ನೆ ಮಾಡುತ್ತಿದ್ದಾರೆ. ನಾಡಗೀತೆಯ ಪ್ರತಿಗಳನ್ನು ತಂದಿದ್ದೇನೆ. ಕನ್ನಡ ಲಿಪಿಯಲ್ಲಿ ಎಂಬತ್ತು ಪ್ರತಿಗಳಿವೆ. ಕನ್ನಡ ಮಾತನಾಡಬಲ್ಲ, ಓದಲಾರದ ನಮ್ಮ ಮಕ್ಕಳಿಗಾಗಿ ದೇವನಾಗರಿಯಲ್ಲಿ ಬರೆದ ನಲವತ್ತು ಪ್ರತಿಗಳಿವೆ. ದೇವನಾಗರಿ ಪ್ರತಿಯನ್ನು ತಮ್ಮ ಕೈಯಿಂದಲೇ, ಹ್ರಸ್ವ ದೀರ್ಘ ತಪ್ಪದಂತೆ, ಬರೆದುಕೊಟ್ಟವರು ಅದೇ ಬೆಳಗಾವಿಯ ಹಿರಿಯರು. ಹ್ರಸ್ವ ಎ ಮತ್ತು ಒಗಳಿಗೆ ಮರಾಠಿಯಲ್ಲಿ ಅಕ್ಷರವಿಲ್ಲದ್ದರಿಂದ ಅವುಗಳ ಮೇಲೆ ಕೆಂಪು ಶಾಯಿಯ ಚುಕ್ಕೆ ಇಟ್ಟಿದ್ದಾರೆ. ಮಕ್ಕಳು ಅದನ್ನು ಗಮನಿಸಬೇಕು. ಮೂರನೆಯ ಚರಣದಿಂದ ಪ್ರಾರಂಭಿಸೋಣ, ಅದು ನನಗೆ ಬರುವುದಿಲ್ಲ. ಮುಂದಿನ ಸಾಲಿನ ಆ ನಾಲ್ವರು ತಾಯಂದಿರು ದಯವಿಟ್ಟು ಮುಂದೆ ಬರಬೇಕು.